ಕೆಲಸ ಹಂಚಿಕೊಂಡ ಮನೆ



ನಾನು ಮೂಡಿಗೆರೆ ಸೀಮೆಯ ಜಾವಳಿ ಕಡೆಯವಳು. ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ನಮ್ಮವರು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಮನೆಯಲ್ಲಿ ಅತ್ತೆ ಇದ್ದಾರೆ, ಒಬ್ಬಳು ಮಗಳು, ಒಬ್ಬ ಮಗ. ನಾವು ಕೊಂಕಣಿ ಮನೆಮಾತಿನ ಕ್ರೈಸ್ತರು. ಕಾಫಿ ತೋಟದ ಕೆಲಸ ಹಿಡಿದು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕುಟುಂಬಗಳು ಈ ಮಲೆಗಳಲ್ಲಿ ಬಹಳ ಇವೆ. ಅವುಗಳಲ್ಲಿ ನಮ್ಮದೂ ಒಂದು. ಒಲೆಯ ಮುಂದೆ ಕೊಂಕಣಿ, ಶಾಲೆಯಲ್ಲಿ ಕನ್ನಡ, ತೋಟದ ಆಳುಗಳಿರುವ ಲೈನಿನ ಕಡೆ ಹೋದರೆ ತುಳು, ತಮಿಳು. ಇಷ್ಟೂ ನಮ್ಮ ಮಕ್ಕಳ ನಾಲಿಗೆಯ ಮೇಲೆ ಸಲೀಸಾಗಿ ಆಡುತ್ತವೆ.

ಗೃಹಜೀವನದ ಸಣ್ಣ ಸಂತೋಷಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ನನಗೆ ಮೊದಲು ತೋಚಿದ್ದು ಇದು: ಸಂತೋಷ ಎಂಬುದು ಕೆಲಸ ಮುಗಿದ ಮೇಲೆ ಸಿಗುವ ಸಂಬಳ ಎಂದು ನಮ್ಮಲ್ಲಿ ಬಹಳ ಜನ, ಅದರಲ್ಲೂ ಹೆಂಗಸರು, ನಂಬಿಕೊಂಡಿದ್ದೇವೆ. ಪಾತ್ರೆ ತೊಳೆದಾದ ಮೇಲೆ, ಬಟ್ಟೆ ಮಡಚಿಟ್ಟ ಮೇಲೆ, ಮಕ್ಕಳ ನೋಟ್ಸು ತಿದ್ದಿದ ಮೇಲೆ, ಆಮೇಲೆ ಕೂತುಕೊಳ್ಳೋಣ ಅನ್ನುತ್ತೇವೆ. ಆದರೆ ಮನೆಗೆಲಸ ಮುಗಿಯುವಂಥದ್ದಲ್ಲ. ಮುಗಿಯಲಿ ಎಂದು ಕಾದವರಿಗೆ ಕೂರುವ ಹೊತ್ತು ಬರುವುದೇ ಇಲ್ಲ. ಸಂತೋಷ ಕೆಲಸದ ಒಳಗೇ ಸಿಗಬೇಕು. ಅದು ಸಿಗುವುದು ಮನೆಮಂದಿಯೆಲ್ಲ ಕೆಲಸವನ್ನು ಹಂಚಿಕೊಂಡಾಗ. ನನ್ನ ಈ ನಂಬಿಕೆ ಹೇಗೆ ಬೆಳೆಯಿತು ಎಂಬುದನ್ನು ನಮ್ಮ ಊರಿನ ಒಂದು ವರ್ಷದ ನಡೆಯ ಜೊತೆಗೇ ಹೇಳುತ್ತೇನೆ.

ಜಾವಳಿ ಎಂದರೆ ಹೇಮಾವತಿ ಹುಟ್ಟುವ ಊರು. ಇಲ್ಲಿ ಕಣ್ಣು ಬಿಟ್ಟ ನೀರು ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಈ ಪಾಠ ಮಾಡುವಾಗ ನಮ್ಮ ಶಾಲೆಯ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಮೈಸೂರು ಸೀಮೆಯವರು ಕುಡಿಯುವ ನೀರಿನಲ್ಲಿ ನಮ್ಮೂರಿನ ಪಾಲೂ ಇದೆ ಎಂಬುದು ಅವರಿಗೆ ದೊಡ್ಡ ಹೆಮ್ಮೆ. ನನಗೂ ಹೆಮ್ಮೆಯೇ. ನದಿ ಹುಟ್ಟುವ ಜಾಗದಲ್ಲಿ ಮನೆ ಮಾಡಿಕೊಂಡವರಿಗೆ ಮಳೆಯೇ ಯಜಮಾನ. ನಮ್ಮ ಮನೆಯ ಪಂಚಾಂಗ ಶುರುವಾಗುವುದು ಜೂನ್ ತಿಂಗಳಿನಲ್ಲಿ, ಶಾಲೆಯ ಗಂಟೆ ಮತ್ತು ಮುಂಗಾರು ಎರಡೂ ಒಟ್ಟಿಗೆ ಹೊಡೆದುಕೊಳ್ಳುವಾಗ.

ಮಳೆಗಾಲದಲ್ಲಿ ನಮ್ಮ ಮನೆಯ ನಡುಬಿಂದು ಅಡುಗೆಮನೆಯೂ ಅಲ್ಲ, ಹಜಾರವೂ ಅಲ್ಲ, ಬಚ್ಚಲ ಒಲೆ. ಹಂಡೆಯ ಕೆಳಗೆ ಬೆಂಕಿ ಆರುವ ಹಾಗಿಲ್ಲ. ಒಲೆಯ ಮೇಲ್ಗಡೆ ಬಿದಿರಿನ ಗಳು ಕಟ್ಟಿ, ಅದರ ಮೇಲೆ ಮಕ್ಕಳ ಯೂನಿಫಾರಂ, ನನ್ನ ಸೀರೆ, ನಮ್ಮವರ ಪ್ಯಾಂಟು, ಸಾಕ್ಸು ಎಲ್ಲ ಹರಡಿರುತ್ತೇವೆ. ಹೊರಗೆ ಹಾಕಿದ ಬಟ್ಟೆ ವಾರವಾದರೂ ಒಣಗದ ಕಾಲ ಅದು. ಆ ಬಟ್ಟೆಗಳ ಮಗ್ಗುಲು ಬದಲಿಸುವುದು ಮಗಳ ಕೆಲಸ. ಯಾವುದು ಬೇಗ ಒಣಗುತ್ತದೆ, ಯಾವುದರ ಹೊಲಿಗೆಯಲ್ಲಿ ನೀರು ನಿಲ್ಲುತ್ತದೆ ಎಂಬುದನ್ನೆಲ್ಲ ಅವಳು ತಾನೇ ಕಂಡುಕೊಂಡಿದ್ದಾಳೆ. ಕಾಲರು, ಜೇಬು, ಸೊಂಟದ ಪಟ್ಟಿ ಬೆಂಕಿಯ ಕಡೆಗಿರಬೇಕು ಎಂದು ನಮಗೇ ಹೇಳಿಕೊಡುತ್ತಾಳೆ. ಬೆಳಿಗ್ಗೆ ಆ ಬಟ್ಟೆ ಹಾಕಿಕೊಂಡು ಕ್ಲಾಸಿಗೆ ಹೋದರೆ ಎಲ್ಲ ಮಕ್ಕಳ ಮೈಯಿಂದಲೂ ಅದೇ ಹೊಗೆಯ ವಾಸನೆ. ಆ ವಾಸನೆಗೆ ಜಾತಿ, ಮತ, ತೋಟದ ಧಣಿ, ಲೈನಿನ ಆಳು ಎಂಬ ಭೇದವಿಲ್ಲ. ಪ್ರತಿ ಮನೆಯಲ್ಲೂ ರಾತ್ರಿ ಯಾರೋ ಒಬ್ಬರು ಆ ಮಗುವಿಗಾಗಿ ಬೆಂಕಿ ಕಾಯ್ದಿದ್ದಾರೆ ಎಂದು ಅದು ನನಗೆ ಹೇಳುತ್ತದೆ.

ಈ ಬೆಂಕಿಗೆ ಸೌದೆ ಬೇಕಲ್ಲ. ತೋಟದ ನೆರಳುಮರಗಳನ್ನು ಸವರಿದಾಗ ಸಿಕ್ಕ ಸೌದೆಯನ್ನು ಏಪ್ರಿಲ್, ಮೇ ತಿಂಗಳಲ್ಲೇ ಒಟ್ಟಿಡುತ್ತೇವೆ. ಕೊಡಲಿ ಹಿಡಿಯುವುದು ನಮ್ಮವರು, ಒಟ್ಟುವುದು ನಾನು ಮತ್ತು ಮಗ. ಅತ್ತೆ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಟ್ಟುತ್ತಿರುತ್ತಾರೆ. ಶಾಲೆಗೆ ರಜೆ, ತಟ್ಟಿದ ಹಪ್ಪಳವನ್ನು ಚಾಪೆಯ ಮೇಲೆ ಹರಡಿ ಕಾಗೆ ಓಡಿಸುವುದಕ್ಕೆ ಅಕ್ಕಪಕ್ಕದ ಮಕ್ಕಳೂ ಬರುತ್ತಾರೆ. ಅವರಿಗೆ ಕೂಲಿಯಾಗಿ ಹಸಿ ಹಪ್ಪಳದ ಹಿಟ್ಟು. ಆಷಾಢದ ಒಂದು ಸಂಜೆ ಆ ಹಪ್ಪಳ ಕೆಂಡದ ಮೇಲೆ ಉಬ್ಬುವಾಗ ತಿನ್ನುವವರಿಗೆಲ್ಲ ಅದರಲ್ಲಿ ತಮ್ಮ ಕೈ ಇದೆ ಎಂದು ಗೊತ್ತಿರುತ್ತದೆ. ಅಂಗಡಿಯ ಪೊಟ್ಟಣದ ಹಪ್ಪಳವೂ ರುಚಿಯೇ. ಆದರೆ ಅದನ್ನು ತಿನ್ನುವಾಗ ಬೇಸಿಗೆಯ ಮಾತು ಯಾರೂ ತೆಗೆಯುವುದಿಲ್ಲ.

ಇನ್ನು ನೀರು. ಮೇಲಿನ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು ನಮ್ಮದು. ಮೋಟಾರಿಲ್ಲ, ಬಿಲ್ಲಿಲ್ಲ. ಜೋರು ಮಳೆ ಬಂದ ಮರುದಿನ ಪೈಪಿನ ಬಾಯಿಗೆ ಎಲೆ, ಕಸ ಕಟ್ಟಿ ನೀರು ನಿಲ್ಲುತ್ತದೆ. ಆಗ ನಮ್ಮವರು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು ಗುಡ್ಡ ಹತ್ತುತ್ತಾರೆ. ಹಾಗಿದ್ದೂ ಇಂಬಳ ಹತ್ತದೆ ಬಿಡುವುದಿಲ್ಲ. ಕೆಳಗೆ ಕೊಳಾಯಿಯ ಬಳಿ ನಾವು ಕಿವಿಗೊಟ್ಟು ನಿಂತಿರುತ್ತೇವೆ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಬಂತು ಎಂದು ಮಗ ಕೂಗುತ್ತಾನೆ, ಮೇಲಿನಿಂದ ಅಪ್ಪ ಓಗೊಡುತ್ತಾರೆ. ನಲ್ಲಿ ತಿರುಗಿಸಿದರೆ ನೀರು ಬಂದೇ ಬರುತ್ತದೆ ಎಂಬ ಊರಿನಲ್ಲಿ ಈ ಖುಷಿ ಹೇಗೆ ಸಿಕ್ಕೀತು?

ಸಂಜೆಯ ಮಾತು ಹೇಳದೆ ನಮ್ಮ ಮನೆಯ ಚಿತ್ರ ಪೂರ್ತಿಯಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಎರಡು ಮೂರು ದಿನ ಬಾರದೆ ಇರುವುದೂ ಉಂಟು. ದೀಪ ಹಚ್ಚಿ ಏಸುಸ್ವಾಮಿಯ ಪಟದ ಮುಂದೆ ಜಪಸರಕ್ಕೆ ಕೂರುತ್ತೇವೆ. ಐದು ರಹಸ್ಯ, ಒಂದೊಂದಕ್ಕೆ ಹತ್ತು ನಮೋ ಮರಿಯ. ನಾವು ಇರುವುದೂ ಐದು ಜನ. ಒಬ್ಬೊಬ್ಬರು ಒಂದೊಂದನ್ನು ಮುಂದಾಗಿ ಹೇಳುತ್ತೇವೆ. ಅತ್ತೆಯದು ಕೊಂಕಣಿ, ಮಕ್ಕಳದು ಕನ್ನಡ. ಅತ್ತೆಯ ಬಾಲ್ಯದಲ್ಲಿ ಚರ್ಚಿನ ಬಲಿಪೂಜೆ ಲ್ಯಾಟಿನಿನಲ್ಲಿ ನಡೆಯುತ್ತಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ದೇವರ ಮುಂದೆ ಜನರ ಮಾತಿಗೇ ಜಾಗ ಸಿಕ್ಕಿತು. ನಮ್ಮ ಮಗ ನಿದ್ದೆಗಣ್ಣಿನಲ್ಲಿ ಕನ್ನಡದ ಜಪ ಹೇಳುವಾಗ ಅತ್ತೆ ಕೆಲವೊಮ್ಮೆ ಈ ಮಾತು ತೆಗೆಯುತ್ತಾರೆ: "ನಾವು ಅರ್ಥವಾಗದೆಯೂ ಭಕ್ತಿಯಿಂದ ಹೇಳುತ್ತಿದ್ದೆವು. ನಿನಗೆ ಅರ್ಥವೂ ಆಗುತ್ತದೆ, ಸರಿಯಾಗಿ ಹೇಳು ಮಗಾ."

ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ಹಿರಿಯರ ಹತ್ತಿರ ಬಂದು ಕೈಮುಗಿದು ಬೆಸಾಂವ್ ಕೇಳುತ್ತಾರೆ. ಹಿರಿಯರಿಂದ ಆಶೀರ್ವಾದ ಕೇಳಿ ಪಡೆಯುವ ಪದ್ಧತಿ ಇದು. ಅತ್ತೆ ಆ ತಲೆಗಳ ಮೇಲೆ ಕೈಯಿಟ್ಟು ದೇವರು ಒಳ್ಳೆಯದು ಮಾಡಲಿ ಎನ್ನುತ್ತಾರೆ. ಆಮೇಲೆ ಮಕ್ಕಳು ನಮ್ಮ ಬಳಿ ಬರುತ್ತಾರೆ, ನಮ್ಮವರೂ ನಾನೂ ಅತ್ತೆಯ ಬಳಿ ಹೋಗುತ್ತೇವೆ. ಹಗಲು ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಬುದ್ಧಿ ಹೇಳಿ ಬಂದವಳು ನಾನು. ರಾತ್ರಿ ನನ್ನ ತಲೆಯ ಮೇಲೂ ಒಂದು ಕೈ ಬೀಳುವುದಿದೆಯಲ್ಲ, ಆ ನೆಮ್ಮದಿಯನ್ನು ಬೇರೆ ಯಾವುದರಿಂದಲೂ ತರಲಾರೆ. ಮಧ್ಯಾಹ್ನ ಅತ್ತೆಗೂ ನನಗೂ ಸಾರಿನ ಉಪ್ಪಿನ ವಿಷಯದಲ್ಲಿ ಮಾತು ಬಂದಿದ್ದರೂ ಆ ಹೊತ್ತಿಗೆ ಅದು ಕರಗಬೇಕು. ಸಿಟ್ಟು ಇಟ್ಟುಕೊಂಡು ಬೆಸಾಂವ್ ಕೇಳುವುದಕ್ಕೂ ಬಾರದು, ಕೊಡುವುದಕ್ಕೂ ಬಾರದು.

ಊಟವಾದ ಮೇಲೆ ಓದು. ನಮ್ಮ ಕಪಾಟಿನಲ್ಲಿ ಬೈಬಲಿನ ಪಕ್ಕದಲ್ಲಿ ಸರ್ವಜ್ಞನ ವಚನಗಳಿವೆ, ಕಿಟೆಲರ ನಿಘಂಟಿದೆ, ತೇಜಸ್ವಿಯವರ ಪುಸ್ತಕಗಳಿವೆ. ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಜರ್ಮನಿಯಿಂದ ಬಂದ ಕಿಟೆಲರು ಸುಮಾರು 70,000 ಶಬ್ದಗಳ ನಿಘಂಟು ಕಟ್ಟಿ 1894ರಲ್ಲಿ ಹೊರತಂದರು. ಕನ್ನಡ ಕಲಿಸುವ ಕ್ರೈಸ್ತ ಟೀಚರಾದ ನನಗೆ ಇವರಿಬ್ಬರೂ ಮನೆಯ ಹಿರಿಯರ ಹಾಗೆ. ಆದರೆ ಮಳೆಯ ರಾತ್ರಿಗೆ ಮಕ್ಕಳು ಕೇಳುವುದು ತೇಜಸ್ವಿಯವರನ್ನೇ. 1980ರಲ್ಲಿ ಬಂದ ಅವರ 'ಕರ್ವಾಲೊ' ಕಾದಂಬರಿ ನಡೆಯುವುದು ನಮ್ಮದೇ ಕಾಡಿನಲ್ಲಿ, ನಮ್ಮದೇ ಮೂಡಿಗೆರೆಯಲ್ಲಿ. ಹಾರುವ ಓತಿಯ ಪುಟ ಬಂದಾಗ ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಜೋರಾಗಿ ಓದುವುದು ನಮ್ಮವರು; ಆ ಹೊತ್ತಿನಲ್ಲಿ ನಾನು ಶಾಲೆಯ ನೋಟ್ಸು ತಿದ್ದುತ್ತೇನೆ. ಒಬ್ಬಳೇ ಮೂಲೆಯಲ್ಲಿ ಕೂತು ತಿದ್ದಿದರೆ ನಿದ್ದೆ ತರಿಸುವ ಅದೇ ಕೆಲಸ ಕಥೆ ಕೇಳುತ್ತಾ ಮಾಡಿದರೆ ಮುಗಿದದ್ದೇ ಗೊತ್ತಾಗುವುದಿಲ್ಲ.

ಮಳೆ ಬರೀ ಚೆಂದ ಎಂದು ನಾನು ಹೇಳಲಾರೆ. 2019ರ ಆಗಸ್ಟಿನಲ್ಲಿ ನಮ್ಮ ಸುತ್ತಿನ ಗುಡ್ಡಗಳು ಜಾರಿದವು. ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ, ಗದ್ದೆ, ತೋಟ ಮಣ್ಣಿನ ಪಾಲಾದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಓಡಾಟ ನಿಂತಿತು. ಮನೆ ಬಿಟ್ಟು ಬಂದ ಹೆಂಗಸರು ಹಣ, ಒಡವೆಯ ಮಾತಿಗಿಂತ ಹೆಚ್ಚು ಆಡಿದ್ದು ತಮ್ಮ ಒಲೆ, ಕೊಟ್ಟಿಗೆ, ಅಂಗಳದ ಬಸಳೆಯ ಚಪ್ಪರದ ಮಾತು. ದಿನವೂ ಬೈದುಕೊಂಡು ಮಾಡುತ್ತಿದ್ದ ಕೆಲಸವನ್ನು ಮತ್ತೆ ಮಾಡುವ ದಿನ ಬರಲಿ ಎಂದು ಅವರು ಕಣ್ಣೀರಿಟ್ಟರು. ಆ ಮಾತು ಕೇಳಿದ ಮೇಲೆ ಕಸ ಗುಡಿಸುವ ಕೆಲಸವನ್ನೂ ನಾನು ಹಗುರವಾಗಿ ಕಂಡಿಲ್ಲ.

ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ. ನಮಗೆ ಅದು ಮೊಂತಿ ಫೆಸ್ತ್, ತೆನೆಹಬ್ಬ. ಘಟ್ಟದ ಕೆಳಗಿನ ಗದ್ದೆಗಳಲ್ಲಿ ಆ ಹೊತ್ತಿಗೆ ತೆನೆ ಬಂದಿರುತ್ತದೆ. ನಮ್ಮ ಮೇಲಿನ ಗದ್ದೆಗಳಲ್ಲಿ ತಡವಾಗಿ ನಾಟಿಯಾದ ಪೈರು ಇನ್ನೂ ಹಸಿರು. ಹಾಗಾಗಿ ತೆನೆ ಕೆಳಗಿನಿಂದ ಬರುತ್ತದೆ. ಒಂಬತ್ತು ದಿನ ಮಕ್ಕಳು ಮನೆಯಂಗಳದ ಡೇರೆ, ಗೋರಟೆ, ಕಾಡಿನ ಹೂವೆಲ್ಲ ಕೊಯ್ದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು ಪುಡಿ ಮಾಡಿ, ತೆಂಗಿನ ಹಾಲು, ಬೆಲ್ಲಕ್ಕೆ ಸೇರಿಸಿ ಮನೆಯ ಹಿರಿಯರಿಂದ ಶುರುಮಾಡಿ ಎಲ್ಲರಿಗೂ ಒಂದೊಂದು ಗುಟುಕು. ಅಂದು ಮೀನು, ಮಾಂಸ ಇಲ್ಲ. ಬಾಳೆ ಎಲೆಯ ಮೇಲೆ ಬೆಸಸಂಖ್ಯೆಯ ತರಕಾರಿ ಅಡುಗೆಗಳು. ಮೂರೋ, ಐದೋ, ಏಳೋ. ತರಕಾರಿ ಹೆಚ್ಚುವುದಕ್ಕೆ ನಮ್ಮವರೂ ಮಗನೂ ಬೆಳಿಗ್ಗೆಯೇ ಕೂರುತ್ತಾರೆ. ಪಕ್ಕದ ಗೌಡರ ಮನೆಯಿಂದ ಕೆಸುವಿನ ದಂಟು ಬರುತ್ತದೆ. "ಟೀಚರೇ, ಇವತ್ತು ನಿಮ್ಮಲ್ಲಿ ನಮ್ಮ ಹಾಗೇ ಸಸ್ಯಾಹಾರದ ಹಬ್ಬ, ಸಂಕೋಚವಿಲ್ಲದೆ ಊಟಕ್ಕೆ ಬರ್ತೀವಿ" ಎಂದು ಅವರ ಮನೆಯ ಅಜ್ಜಿ ತಾವೇ ಹೇಳಿ ಬರುತ್ತಾರೆ.

ಡಿಸೆಂಬರ್ ನಮ್ಮ ಮನೆಗೆ ಅತಿ ಬಿಗಿಯಾದ ತಿಂಗಳು. ಒಂದು ಕಡೆ ಅರೇಬಿಕಾ ಹಣ್ಣಿನ ಕುಯ್ಲು, ಇನ್ನೊಂದು ಕಡೆ ಕ್ರಿಸ್ಮಸ್. ಸಂಜೆ ತೋಟದಲ್ಲಿ ಹಣ್ಣು ತೂಗಿ, ಒಬ್ಬೊಬ್ಬರ ಹೆಸರಿನ ಮುಂದೆ ಕಿಲೋ ಬರೆದು, ಹಣ್ಣು ಹುಳಿಯುವ ಮೊದಲು ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿಸಿ ನಮ್ಮವರು ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಹಾಗಾಗಿ ನಮ್ಮ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ರಾತ್ರಿಯ ಕೆಲಸ. ಮೈದಾ, ತೆಂಗಿನ ಹಾಲು ಕಲಸಿದ ಹಿಟ್ಟನ್ನು ಗೋಲಿಯಷ್ಟು ಚಿವುಟಿ, ಹೊಸ ಬಾಚಣಿಗೆಯ ಮೇಲೆ ಒತ್ತಿ ಹೆಬ್ಬೆರಳಿನಿಂದ ಸುರುಳಿ ಮಾಡಿದರೆ ಗೆರೆಗೆರೆಯ ಕಿಡ್ಯೊ. ಎಳ್ಳು, ಕಾಯಿತುರಿ, ಸಕ್ಕರೆ, ಏಲಕ್ಕಿಯ ಹೂರಣ ತುಂಬಿ ಅಂಚು ಕತ್ತರಿಸಿದರೆ ನೆವ್ರ್ಯೊ. ಕಿಡ್ಯೊ ಸುತ್ತುವುದು ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಒಂದು ಸೇರು ಹಿಟ್ಟಿನಲ್ಲಿ ನೂರಾರು ಸುರುಳಿ. ಮೇಜಿನ ಸುತ್ತ ಎಲ್ಲರೂ ಕೂತು ಸುತ್ತುವಾಗ ಇಡೀ ವರ್ಷ ಹೇಳಲು ಹೊತ್ತು ಸಿಗದ ಮಾತುಗಳೆಲ್ಲ ಹೊರಬರುತ್ತವೆ. ತೋಟದಲ್ಲಿ ಯಾರ ಮಗಳ ಮದುವೆ ಗೊತ್ತಾಯಿತು, ಕ್ಲಾಸಿನಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಅತ್ತೆ ಹುಡುಗಿಯಾಗಿದ್ದಾಗ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತ ರಾತ್ರಿ ಹೇಗೆ ಕಳೆಯಿತು ಎಂಬುದೆಲ್ಲ ನಾನು ಕೇಳಿದ್ದು ಬಾಚಣಿಗೆಯ ಮೇಲೆ ಹೆಬ್ಬೆರಳು ಒತ್ತುತ್ತಲೇ. ಅದೇ ವಾರ ಮಕ್ಕಳು ಗೆರಟೆಯಲ್ಲಿ ಮಣ್ಣು ತುಂಬಿ ಭತ್ತ ಬಿತ್ತುತ್ತಾರೆ. ಹಬ್ಬದ ಹೊತ್ತಿಗೆ ಬೆರಳುದ್ದದ ಸಸಿ ಬರುತ್ತದೆ. ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಅದೇ ಹಸಿರು ಗದ್ದೆ. ನೆರೆಮನೆಗಳಿಗೆ ಕುಸ್ವಾರ್ ಹಂಚಿ ಬರುವುದು ಮಕ್ಕಳ ಹಕ್ಕು. ಅದನ್ನು ದೊಡ್ಡವರು ಕಸಿದುಕೊಳ್ಳುವ ಹಾಗಿಲ್ಲ.

ಫೆಬ್ರವರಿ ಕೊನೆಗೋ ಮಾರ್ಚಿಗೋ ಹೂಮಳೆ ಬೀಳುತ್ತದೆ. ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟವೆಲ್ಲ ಬಿಳಿ. ನಮಗೆ ಅದು ತಪಸ್ಸುಕಾಲ, ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ವ್ರತ. ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಮಲ್ಲಿಗೆಯಂಥ ಘಮ. ಮಾಂಸ ಬಿಟ್ಟು, ಸಿಹಿ ಬಿಟ್ಟು ಮನಸ್ಸನ್ನು ಹಗುರ ಮಾಡಿಕೊಳ್ಳುವ ದಿನಗಳಲ್ಲೇ ದೇವರು ನಮ್ಮ ಸೀಮೆಗೆ ಇಷ್ಟು ಸುವಾಸನೆ ಕೊಡುತ್ತಾನೆ ಎಂದು ನಾನು ಪ್ರತಿ ವರ್ಷವೂ ಅಂದುಕೊಳ್ಳುತ್ತೇನೆ. ಮೂರು ನಾಲ್ಕು ದಿನದಲ್ಲಿ ಹೂ ಕಂದುತ್ತದೆ. ಆ ದಿನಗಳಲ್ಲಿ ಸಂಜೆ ಎಷ್ಟೇ ಕೆಲಸವಿದ್ದರೂ ನಾವಿಬ್ಬರೂ ತೋಟದ ದಾರಿಯಲ್ಲಿ ಒಂದು ಸುತ್ತು ನಡೆದು ಬರುತ್ತೇವೆ. ಅನ್ನಕ್ಕೆ ಇಡುವುದು ಆ ಹೊತ್ತು ಮಗಳ ಪಾಳಿ.

ಮನೆಯಲ್ಲಿ ಕಂಡದ್ದನ್ನು ಶಾಲೆಗೂ ತಂದೆ. ನನ್ನ ತರಗತಿಯಲ್ಲಿ ಒಮ್ಮೆ 'ನಮ್ಮ ಮನೆಯಲ್ಲಿ ನಾನು ಮಾಡುವ ಕೆಲಸ' ಎಂದು ಬರೆಯಲು ಹೇಳಿದೆ. ಹುಡುಗಿಯರ ಪುಟ ತುಂಬಿತು. ಹುಡುಗರದು 'ಅಂಗಡಿಗೆ ಹೋಗುತ್ತೇನೆ' ಎಂಬಲ್ಲಿಗೆ ನಿಂತಿತು. ಅವರನ್ನು ನಾನು ಬೈಯಲಿಲ್ಲ. ಮನೆಯಲ್ಲಿ ಒಂದು ಕೆಲಸ ಕಲಿತು ಬನ್ನಿ, ಬಂದು ಕ್ಲಾಸಿಗೆ ಹೇಳಿಕೊಡಿ ಎಂದೆ. ಮಾತೇ ಆಡದ ಒಬ್ಬ ಹುಡುಗ ಎದ್ದು ನಿಂತು ಅನ್ನ ಮಾಡುವುದನ್ನು ವಿವರಿಸಿದ. ಅಕ್ಕಿಯ ಮೇಲೆ ಬೆರಳು ಊರಿ ಮೊದಲ ಗಿಣ್ಣಿನವರೆಗೆ ನೀರು ಹಾಕಬೇಕು, ಹಳೆ ಅಕ್ಕಿಯಾದರೆ ಸ್ವಲ್ಪ ಜಾಸ್ತಿ ಎಂದ. ಹಳೆ ಅಕ್ಕಿಗೆ ಯಾಕೆ ಜಾಸ್ತಿ ಎಂದು ಪಕ್ಕದವ ಕೇಳಿದ. ಒಣಗಿ ಒಣಗಿ ಅದಕ್ಕೆ ಬಾಯಾರಿರುತ್ತದೆ ಎಂದು ಉತ್ತರ ಬಂತು. ಅವನಮ್ಮ ಮರುವಾರ ಶಾಲೆಗೆ ಬಂದಾಗ ಹೇಳಿದ್ದು ಇಷ್ಟೇ: "ತೋಟದ ಕೆಲ್ಸ ಮುಗ್ಸಿ ಹೋದ್ರೆ ಅನ್ನ ಆಗಿರುತ್ತೆ ಟೀಚರ್. ಒಂದು ಲೋಟ ಕಾಫಿ ಕೂತು ಕುಡೀತೀನಿ."

ಆ ತಾಯಿ ಕೂತು ಕುಡಿಯುವ ಕಾಫಿಯನ್ನೇ ನಾನು ಸಣ್ಣ ಸಂತೋಷ ಎಂದು ಕರೆಯುವುದು. ಅದಕ್ಕೆ ದುಡ್ಡು ಬೇಕಿಲ್ಲ. ಮನೆಯಲ್ಲಿ ಇನ್ನೊಬ್ಬರ ಕೈ ಬೇಕು. ಕ್ರೈಸ್ತಳಾದ ನನಗೆ ಇದು ವಿಶ್ವಾಸದ ಮಾತೂ ಹೌದು. ಶಿಷ್ಯರ ಕಾಲುಗಳನ್ನು ತಾನೇ ತೊಳೆದ ಗುರುವನ್ನು ನಾವು ಪೂಜಿಸುತ್ತೇವೆ. ಅಂಥ ಗುರುವಿನ ಮನೆಯಲ್ಲಿ ಯಾವ ಕೆಲಸವೂ ಕೀಳಾಗಬಾರದು, ಯಾವ ಕೆಲಸವೂ ಒಬ್ಬರ ಹಣೆಬರಹವಾಗಬಾರದು.

ಕೇಳುಗರೇ, ನಿಮ್ಮ ಮನೆಯಲ್ಲಿ ಯಾವ ಕೆಲಸ ಯಾರ ಹೆಸರಿಗೆ ಅಂಟಿಕೊಂಡಿದೆ ಎಂದು ಈ ವಾರ ಒಮ್ಮೆ ನೋಡಿ. ಅದರಲ್ಲಿ ಒಂದನ್ನಾದರೂ ಬಿಡಿಸಿ ಬೇರೆ ಕೈಗೆ ಕೊಡಿ. ಗಂಡುಮಕ್ಕಳಿಗೆ ಮೊದಲು ಕೊಡಿ. ಆರಂಭದಲ್ಲಿ ರೊಟ್ಟಿ ದಪ್ಪವಾದೀತು, ಅನ್ನ ಮುದ್ದೆಯಾದೀತು, ಬಟ್ಟೆಯ ಮಡಿಕೆ ಸೊಟ್ಟಗಾದೀತು. ಕೊಟ್ಟ ಕೆಲಸವನ್ನು ಆ ಕಾರಣಕ್ಕೆ ವಾಪಸ್ ಕಿತ್ತುಕೊಳ್ಳಬೇಡಿ. ದಪ್ಪ ರೊಟ್ಟಿಯನ್ನು ಎಲ್ಲರೂ ಒಟ್ಟಿಗೆ ಕೂತು ತಿನ್ನಿ. ತಟ್ಟಿದವರಿಗೆ ಚೆನ್ನಾಗಿದೆ ಎಂದು ಹೇಳಿ, ನಾಳೆಯೂ ನೀನೇ ತಟ್ಟು ಎಂದು ಹೇಳಿ. ಹಾಗೆ ಹೇಳುವ ಮನೆಯಲ್ಲಿ ದಿನವೂ ಕೂತು ಕಾಫಿ ಕುಡಿಯುವ ಹೊತ್ತು ಎಲ್ಲರಿಗೂ ಸಿಗುತ್ತದೆ.